ನೋವು ನಿಂತ ಹಲ್ಲು

ಕೊಳ್ಳೇಗಾಲ
11 ಫೆಬ್ರವರಿ 2025, ಮಂಗಳವಾರ

ನನ್ನ ಅವ್ವನಿಗೆ ರಾಣಿಯ ನಮಸ್ಕಾರ.

ನೀನು ಹೇಳಿ ಕಳಿಸಿದ ಸುದ್ದಿಯನ್ನು ಮಹದೇವು ಮಾವ ಬಸ್‌ಸ್ಟ್ಯಾಂಡಿನಿಂದ ನೇರ ನಾನು ಕೆಲಸ ಮಾಡುವ ಹಲ್ಲಿನ ಆಸ್ಪತ್ರೆಗೇ ತಂದು ಮುಟ್ಟಿಸಿದ. ತಂಗಿ ಚೈತ್ರಳ ಹಲ್ಲುನೋವು ನಿಂತೇಹೋಯಿತಂತೆ, ಗುರುವಾರ ಅವಳನ್ನು ಇಲ್ಲಿಗೆ ಕಳಿಸುವುದಿಲ್ಲವಂತೆ. ಮಾವ ಖುಷಿಯಿಂದಲೇ ಹೇಳಿದ. ನಾನು ಅವನನ್ನು ಅಲ್ಲೇ ಕೂರಿಸಿ ಬರೆಯಲು ಕುಳಿತೆ. ಗೋಪಿನಾಥಂನಲ್ಲಿ ನಿನ್ನ ಫೋನು ಸಿಗುವುದಿಲ್ಲ, ಅದಕ್ಕೇ ಈ ಕಾಗದವನ್ನು ಅವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ನೀನೇ ಓದು, ಚೈತ್ರಳ ಕೈಗೆ ಕೊಡಬೇಡ.

ಅವ್ವ, ಅಷ್ಟು ದಿನ ಕಾಡಿದ ನೋವು ತಾನಾಗಿ ನಿಂತರೆ ಒಳಗಿನ ನರ ಸತ್ತಿರುತ್ತದೆ. ಆಮೇಲೆ ಕೀವು ಸದ್ದಿಲ್ಲದೆ ಬೇರಿಗೆ ಇಳಿಯುತ್ತದೆ. ಇಲ್ಲಿ ರಿಜಿಸ್ಟರಿನಲ್ಲಿ ಹೆಸರು ಬರೆಯುವವಳು ನಾನು, ದಿನಾ ನೋಡುತ್ತೇನೆ. ಇಪ್ಪತ್ತು ಇಪ್ಪತ್ತೆರಡರ ಹುಡುಗಿಯರು ಇನ್ನೆಂದೂ ಹುಟ್ಟದ ಹಲ್ಲನ್ನು ಕೀಳಿಸಿಕೊಂಡು, ಹತ್ತಿ ಕಚ್ಚಿಕೊಂಡು ಹೋಗುತ್ತಾರೆ. ಯಾಕಮ್ಮ ಇಷ್ಟು ತಡ ಎಂದು ಡಾಕ್ಟರು ಕೇಳಿದರೆ, ನಡುವೆ ನೋವು ನಿಂತಿತ್ತು ಅನ್ನುತ್ತಾರೆ. ಉಳಿಸಬಹುದು, ನಾಲ್ಕು ಸಲ ಬನ್ನಿ ಎಂದರೆ ಮಾರ್ಟಳ್ಳಿ ಕಡೆಯಿಂದ ಬಂದವರಿಗೆ ಬಸ್ಸಿನ ಚಿಂತೆ. ಒಂದೇ ಸಲಕ್ಕೆ ಮುಗಿಸಿಬಿಡಿ ಅಂತ ಬಾಯಿ ತೆರೆಯುತ್ತಾರೆ.

ನಾನೂ ಹಾಗೇ ಅಂದಿದ್ದೆ. ನನ್ನ ದವಡೆ ಹಲ್ಲು ಉಳಿಯುವಂತಿರಲಿಲ್ಲ ಎಂದು ನಿನಗೆ ಹೇಳಿದ್ದು ಸುಳ್ಳು. ಆಗ ನಾನಿನ್ನೂ ಇಲ್ಲಿ ಕೆಲಸಕ್ಕೆ ಸೇರಿರಲಿಲ್ಲ. ಡಾಕ್ಟರು ಉಳಿಸುತ್ತೇನೆ ಅಂದಿದ್ದರು. "ಕಿತ್ತಾಕ್ಬುಡಿ ಸಾ, ಪದೇ ಪದೇ ಬರಕ್ಕಾಗಕಿಲ್ಲ" ಅಂದವಳು ನಾನೇ. ಈಗ ಪಕ್ಕದ ಹಲ್ಲು ಆ ಸಂದಿಗೆ ವಾಲಿದೆ. ಮುದ್ದೆಯಾದರೆ ನುಂಗುತ್ತೇನೆ, ಸುಟ್ಟ ಜೋಳವನ್ನು ಆ ಕಡೆಯಿಂದ ಅಗಿಯಲಾರೆ.

ಚೈತ್ರಳಿಗಿನ್ನೂ ಹತ್ತೊಂಬತ್ತು. ಅವಳ ಹಲ್ಲಿನ ತೂತಿಗೆ ಹೊಗೆಸೊಪ್ಪಿನ ಪುಡಿ ಒತ್ತಿದ್ದು ಕೆಂಪಾಜಮ್ಮಜ್ಜಿಯೇ ಇರಬೇಕು. ಅಜ್ಜಿಯ ಸೊಂಟದಿಂದ ಎಲೆಅಡಿಕೆ ಚೀಲ ಇಳಿಯುವುದೇ ಇಲ್ಲವಲ್ಲ. ಸ್ವಲ್ಪ ಗದರಿ ಹೇಳು. ಆ ಪುಡಿ ಜೋಮು ಹಿಡಿಸುತ್ತದೆ ಅಷ್ಟೆ, ಹುಳುಕು ಒಳಗೇ ಕೊರೆಯುತ್ತಿರುತ್ತದೆ. ಆಮೇಲೆ ನೋವಿಲ್ಲದ ದಿನವೂ ಅದು ಬೇಕೆನ್ನಿಸುತ್ತದೆ.

ಬಾವು ಬರುವ ಮುಂಚೆ ತಂದರೆ ಈ ಹಲ್ಲು ಉಳಿದೀತು ಎಂದು ಡಾಕ್ಟರು ಹೇಳಿದ್ದಾರೆ. ಗುರುವಾರ ಬೆಳಗಿನ ಬಸ್ಸಿಗೆ ಅವಳನ್ನು ಹತ್ತಿಸು. ನಾಲ್ಕು ಸಲವೂ ಮುಗಿಯುವವರೆಗೆ ನನ್ನ ರೂಮಿನಲ್ಲೇ ಇರಲಿ. ಕಾಗದ ಓದಿದ ತಕ್ಷಣ ಅವಳ ಕೆನ್ನೆ ಮುಟ್ಟಿ ನೋಡು. ಊದಿದ್ದರೆ, ಮೈ ಬಿಸಿಯಿದ್ದರೆ ಗುರುವಾರದವರೆಗೂ ಕಾಯಬೇಡ. ನನಗೆ ಭಯವಾಗುತ್ತಿದೆ ಅವ್ವ.

ನಿಮ್ಮ ಬಸ್ಸಿನ ದಾರಿ ನೋಡುತ್ತಿರುವ,
ರಾಣಿ

ತಾ.ಕ.: ಅಜ್ಜಿಯನ್ನು ಗದರಬೇಡ. ಚೈತ್ರಳ ಟ್ರಂಕಿನಲ್ಲಿ ಒಂದು ಪೌಡರ್ ಡಬ್ಬಿಯಿದೆ, ಒಳಗಿರುವುದು ಹೊಗೆಸೊಪ್ಪಿನ ಪುಡಿ. ಸಂಕ್ರಾಂತಿಗೆ ಊರಿಗೆ ಬಂದಾಗ ನಾನೇ ಕೊಟ್ಟೆ, ಹಲ್ಲಿಗೆ ಹೇಗೆ ಒತ್ತಬೇಕೆಂದು ನಾನೇ ತೋರಿಸಿದೆ. ಇದ್ದ ಎರಡು ದಿನ ರಜೆಯಲ್ಲಿ ಅವಳನ್ನು ಇಲ್ಲಿಗೆ ಕರೆತರಲು ಬೇಜಾರಾಗಿತ್ತು. ಆ ಡಬ್ಬಿಯನ್ನು ಎಸೆದುಬಿಡು. ನನ್ನ ಹತ್ತಿರ ಅಂಥದೇ ಇನ್ನೊಂದಿದೆ, ಎಸೆಯಲು ನನ್ನ ಕೈಲಿ ಆಗುತ್ತಿಲ್ಲ. ಗುರುವಾರ ಅವಳ ಜೊತೆ ನೀನೂ ಬಾ.