ಎರಡು ದಿನದ ದಾರಿ

ದಾರಿ ಸವೆಸಿ ಸವೆಸಿ ಬಳಲಿದ ನನ್ನ ಪತಿರಾಯರಿಗೆ,

ಭಲೇ! ನಿಮ್ಮ ಅಕ್ಕನ ಕಾಲು ಮುರಿದ ಸುದ್ದಿ ಕೇಳಿ, ನಿಮಗೂ ಹೇಳದೆ, ಹುಟ್ಟಿದ ಮೇಲೆ ಮೊದಲ ಸಲ ವಿಮಾನ ಹತ್ತಿ ನೀವು ದುಡಿಯುವ ಊರಿನಲ್ಲೇ ಇರುವ ಅವರ ಮನೆಗೆ ಬಂದೆ. ಒಂದು ಊಟ, ಒಂದು ನಿದ್ದೆ, ಅಷ್ಟರಲ್ಲಿ ಊರೇ ಬಂತು! ಒಂಬತ್ತೇ ಗಂಟೆ! ಇಷ್ಟು ವರ್ಷ ನೀವು ಹೇಳುತ್ತಿದ್ದದ್ದು ಎರಡು ದಿನದ ದಾರಿ ಎಂದು.

"ಇವರು ನಡುವೆ ಎಲ್ಲೋ ಇಳಿದು ಕಾಯ್ತಾರಂತೆ," ಎಂದೆ.

"ನೀನು ಬಂದ ವಿಮಾನದಲ್ಲೇ ಅವನೂ ಓಡಾಡೋದು, ಎಲ್ಲಿ ಇಳೀತಾನೆ? ಅದೇನು ಸಿಟಿ ಬಸ್ಸೇನೇ?" ಎಂದು ನಕ್ಕ ನಿಮ್ಮ ಅಕ್ಕ ಥಟ್ಟನೆ ಗೋಡೆಯ ಕಡೆ ಮುಖ ತಿರುಗಿಸಿದರು. ಅಂದರೆ ಉಳಿದ ಹೊತ್ತು ನೀವು ಯಾರ ಬಳಿ ಇರುತ್ತೀರೆಂದು ಅವರಿಗೂ ಗೊತ್ತು!

ಮನೆಗೆ ಬಂದಾಗಲೆಲ್ಲ "ಕಾಲು ಬಿದ್ದುಹೋಯ್ತು ಕಣೇ" ಎಂದು ನರಳುತ್ತಿದ್ದಿರಿ. ಯಾವಳದೋ ಮಂಚದಿಂದ ಎದ್ದು ಬಂದ ಆ ಕಾಲುಗಳಿಗೆ ಈ ಕೈಯಿಂದ ಎಣ್ಣೆ ತಿಕ್ಕಿದೆನಲ್ಲ, ಥೂ! ಎಷ್ಟು ಸೋಪು ಹಾಕಿ ತೊಳೆದರೂ ಇದರಲ್ಲಿ ತುತ್ತು ಎತ್ತಲು ಹೇಸಿಗೆಯಾಗುತ್ತಿದೆ.

ಪತ್ರವನ್ನು ಅಕ್ಕನ ಕೈಗಿತ್ತು ಹೊರಟಿದ್ದೇನೆ. ನಿಮ್ಮ ಬಳಿಯಿರುವ ನಮ್ಮೂರ ಮನೆಯ ಬೀಗದ ಕೈಯನ್ನು ಅವರಿಗೆ ಕೊಡಿ. ನಾನು ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತೇನೆ. ನಿಮಗೆ ಮಾತ್ರ ಆ ದಾರಿ ಇನ್ನು ಎಷ್ಟು ದಿನ ನಡೆದರೂ ಮುಗಿಯುವುದಿಲ್ಲ.

ಇಂತಿ,
ಕಾಲೊತ್ತಿದವಳು