ಬರ್ಫ ಹೊರಗೆ, ಹಣ್ಣು ಒಳಗೆ

ಪ್ರೀತಿಯ ಚಾಂದಬಿ ಆಪಾ,

ನೀವಿದ್ದಾಗ ನಿಮಗೊಂದು ಪತ್ರ ಬರೆದವಳಲ್ಲ ನಾನು. ಗೋಡೆಗೆ ಗೋಡೆ ಹತ್ತಿದ ಮನೆಯವರಿಗೆ ಯಾರು ಪತ್ರ ಬರೆಯುತ್ತಾರೆ? ಆಮೇಲೆ ನಾವು ಅದೇ ಊರಿನ ಸದಾಶಿವನಗರಕ್ಕೆ, ನೀವು ಮಗಳ ಮನೆಗೆಂದು ಖಾನಾಪುರಕ್ಕೆ ಹೋದ ಮೇಲಾದರೂ ಬರೆಯಬಹುದಿತ್ತು. ಬರೆದರೆ ಒಂದು ಮಾತು ಬರೆಯಲೇಬೇಕಾಗುತ್ತಿತ್ತು. ಆ ಮಾತಿಗೆ ಹೆದರಿ ಒಂದು ಕಾರ್ಡನ್ನೂ ಹಾಕಲಿಲ್ಲ. ಈಗ ನೀವು ತೀರಿಹೋಗಿ ಒಂದು ವರ್ಷ. ಓದುವವರು ಇಲ್ಲವೆಂದ ಮೇಲೆ ನನಗೆ ಧೈರ್ಯ ಬಂದಿದೆ ನೋಡಿ. ಊಟಕ್ಕಿಲ್ಲದ ಉಪ್ಪಿನಕಾಯಿ.

ಸುಮಾ ನಾಲ್ಕು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ನಾಲಿಗೆ ಕೆಂಪಗೆ ಮಾಡಿಕೊಂಡು ಬಂದು ನಿಮ್ಮ ಕಟ್ಟೆಯ ಮೇಲೆ ನಿಂತಿದ್ದು ನೆನಪಿದೆಯೇ? ಕೋಟೆಯ ಬಾಜೂ ಇದ್ದ ನಮ್ಮ ಓಣಿಗೆ ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ಐಸ್‌ಕ್ಯಾಂಡಿಯವನು ಬರುತ್ತಿದ್ದ. ನೀವು ನನ್ನ ಮಗಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಿರಿ.

“ಏನ ತಿಂದಿ ಬೇಟಾ? ಅರಬಿಗೆ ಹಾಕೂ ಬಣ್ಣ ತಿಂದೀಯಲ್ಲ!” ಅಂದಿರಿ. ಆಮೇಲೆ ನನಗೂ ಬಿತ್ತು: “ಕಸ್ತೂರೀ, ಕೂಸಿಗೆ ಥಂಡಾ ಬೇಕಂದ್ರ ನನಗ ಹೇಳಬಾರ್ದನ? ಖಾನಾಪುರದಿಂದ ನಮ್ಮಣ್ಣ ಬುಟ್ಟಿಗಟ್ಟಲೆ ನೇರಲಹಣ್ಣ ತರತಾನ. ತಿನ್ನಾವ್ರಿಲ್ದ ಕೊಳತ ಹೋಗತಾವ.”

ನಿಮ್ಮ ಹಿತ್ತಲಲ್ಲಿ ಕುಕ್ಕುರುಗಾಲಲ್ಲಿ ಕುಳಿತು ನೀವು ಕಲಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಕಾಸಿ ಆರಿಸಿದ ನೀರು, ಕಿವುಚಿ ಬೀಜ ತೆಗೆದ ನೇರಳೆ, ಒಂದಿಷ್ಟು ಬೆಲ್ಲ, ಚಿಟಿಕೆ ಉಪ್ಪು. ಬಣ್ಣವಿಲ್ಲ, ಗಿಣ್ಣವಿಲ್ಲ. ಮಾವಿನ ಕಾಲಕ್ಕೆ ಮಾವು, ಕವಳೆಯ ಕಾಲಕ್ಕೆ ಕವಳೆ. ಆ ರಸವನ್ನು ಗೇಣುದ್ದದ ತಗಡಿನ ಕೊಳವೆಗಳಿಗೆ ತುಂಬಿ, ಮುಚ್ಚಳ ಹಾಕಿ, ಸಂದಿಗೆ ಗೋಧಿ ಕಣಕ ಮೆತ್ತಿ, ದೊಡ್ಡ ಮಣ್ಣಿನ ಗಡಿಗೆಯಲ್ಲಿ ನಿಲ್ಲಿಸುತ್ತಿದ್ದಿರಿ. ಸುತ್ತಲೂ ಒಡೆದ ಬರ್ಫದ ಚೂರು, ಹರಳುಪ್ಪು, ಮೇಲೆ ಗೋಣಿಚೀಲ. ಎರಡು ತಾಸಿಗೆ ಹಣ್ಣು ಕಲ್ಲಾಗುತ್ತಿತ್ತು. ಅಂಗೈಯಲ್ಲಿ ಕೊಳವೆಯನ್ನು ಉಜ್ಜಿ ತಟ್ಟೆಗೆ ತಟ್ಟಿದರೆ ನೇರಳೆ ಬಣ್ಣದ ಕೋಲು ಜಾರಿ ಬೀಳುತ್ತಿತ್ತು. ಓಣಿಯ ಮಕ್ಕಳೆಲ್ಲ ಬಾಯಿ ತೆರೆದು ಕಾಯುತ್ತಿದ್ದವು. ನಮ್ಮ ಅತ್ತೆಯೂ ಬೇಡವೆನ್ನಲಿಲ್ಲ. ನಿಮ್ಮ ಮನೆಯ ರೊಟ್ಟಿ ತಿನ್ನದವರು, ಹಣ್ಣಿಗೂ ಬರ್ಫಕ್ಕೂ ದೋಷವಿಲ್ಲವೆಂದು ತಾವೇ ಒಂದು ಕಾನೂನು ಮಾಡಿಕೊಂಡಿದ್ದರು. ಸೆಕೆಯಾದಾಗ ತಾವೂ ಒಂದು ಕೋಲು ತಿನ್ನುತ್ತಿದ್ದರು, ಗೋಡೆಯ ಕಡೆ ಮುಖ ಮಾಡಿ.

ಒಮ್ಮೆ ನಾನು ಬರ್ಫದ ಚೂರೊಂದನ್ನು ಬಾಯಿಗೆ ಹಾಕಿಕೊಂಡಾಗ ಕೈಮೇಲೆ ಹೊಡೆದಿದ್ದಿರಿ. ಬರ್ಫ ಮಾರುವ ಅಡ್ಡೆಯಿಂದ ತಂದ ಗಡ್ಡೆಗೆ ಕಟ್ಟಿಗೆಯ ಹೊಟ್ಟು ಮೆತ್ತಿರುತ್ತಿತ್ತು.

“ಬರ್ಫ ಹೊರಗ, ಹಣ್ಣ ಒಳಗ. ಅದಕ್ಕ ಇದ ಮುಟ್ಟಬಾರ್ದು. ಯಾವ ನೀರಿಂದ ಮಾಡ್ಯಾರೋ, ಎಲ್ಲೆಲ್ಲಿ ಎಳದಾಡ್ಯಾರೋ, ಯಾರಿಗೆ ಗೊತ್ತ? ಅದು ಥಂಡಾ ಮಾಡಾಕ ಬಂದೈತಿ, ತಿನ್ನಾಕ ಅಲ್ಲ.”

ಇಷ್ಟೇ ಇದ್ದದ್ದು ನಿಮ್ಮ ವಿದ್ಯೆ. ಇಷ್ಟನ್ನು ನೆನಪಿಟ್ಟುಕೊಳ್ಳುವುದು ನನಗೆ ಅಷ್ಟು ಕಷ್ಟವಿತ್ತೇ?

ಎಪ್ಪತ್ತೈದರ ಮೇ ತಿಂಗಳ ಕೊನೆಯ ಆ ಬೆಳಿಗ್ಗೆ ನೀವು ಒಲೆಯ ಮುಂದೆ ನೀರು ಕಾಸುತ್ತಿದ್ದಿರಿ. ನಾನು ಬಾಗಿಲಿಗೆ ಒರಗಿ ನಿಂತು, ಧಾರವಾಡದಿಂದ ನಾದಿನಿ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾಳೆಂದು ಗೋಳು ತೋಡಿಕೊಳ್ಳುತ್ತಿದ್ದೆ. ನೀರು ಕುದಿದು ಕುದಿದು ಪಾತ್ರೆಯ ಮುಚ್ಚಳ ಕುಣಿಯುತ್ತಿತ್ತು. ನಿಮಗೆ ಖಾನಾಪುರದ ಗಾಡಿ ಹಿಡಿಯಬೇಕಿತ್ತು, ಅಣ್ಣನ ಮನೆಯಲ್ಲಿ ಬಾಣಂತಿ. ಆದರೂ ನಮ್ಮ ಮನೆಗೆ ಬರುವ ಮಕ್ಕಳಿಗೆಂದು ಕೊಳವೆ ತುಂಬಿ, ಗಡಿಗೆ ಕಟ್ಟಿ, ಉಳಿದ ಬರ್ಫದ ಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ ನನ್ನ ಕೈಗೆ ಒಪ್ಪಿಸಿದಿರಿ. “ಅರ್ಧಾ ತಾಸಿಗೊಮ್ಮಿ ಚೂರ ಬರ್ಫ ಹಾಕು, ಮ್ಯಾಲ ಉಪ್ಪ ಹಾಕು. ಉಪ್ಪ ಮರೀಬ್ಯಾಡ,” ಎಂದು ಓಣಿಯ ತುದಿಯಿಂದಲೂ ತಿರುಗಿ ಕೂಗಿದಿರಿ.

ಮರೆತೆ. ಹೋಳಿಗೆಯ ಗಡಿಬಿಡಿಯಲ್ಲಿ ಬರ್ಫ ಹಾಕಿದೆ, ಉಪ್ಪು ಹಾಕಲಿಲ್ಲ. ಊಟವಾಗಿ ಮಕ್ಕಳು ತಟ್ಟೆ ಬಡಿಯತೊಡಗಿದವು. ಕೊಳವೆ ಬಿಚ್ಚಿದರೆ ರಸ ರಸವಾಗಿಯೇ ಇದೆ. ನಾದಿನಿ ನಕ್ಕಳು: “ಏನ ವೈನಿ, ಮುಂಜಾನಿಂದ ಬರ್ಫ ಬರ್ಫ ಅಂತೀರಿ, ಇದ ಪಾನಕಾ ಆಗೇತಲ್ಲ!” ಅತ್ತೆಯೂ ನಕ್ಕರು. ನನಗೆ ರೋಷ ಬಂತು. ಒಳಗೆ ಹೋಗಿ ಅಷ್ಟೂ ರಸವನ್ನು ಪಾತೇಲಿಗೆ ಸುರಿದೆ. ಗೋಣಿಯ ಗಡ್ಡೆಗೆ ಒಂದು ತಂಬಿಗೆ ನೀರು ಹೊಯ್ದು, ಗುಂಡುಕಲ್ಲಿನಿಂದ ಜಜ್ಜಿ, ಆ ಪುಡಿಯನ್ನು ರಸದಲ್ಲಿ ಕಲಸಿಬಿಟ್ಟೆ. ಸುಮಾ ಎರಡು ಬಟ್ಟಲು ತಿಂದಳು. ಎಲ್ಲರೂ ಹೊಗಳಿದರು. ಆಪಾ, ನಾನು ಹಿಗ್ಗಿದೆ ಕೂಡ!

ಮೂರನೆಯ ದಿನ ಸುಮಾ ವಾಂತಿ ಮಾಡಿಕೊಂಡಳು. ನಾದಿನಿಯ ಮಕ್ಕಳಿಗೂ ಹೊಟ್ಟೆ ಕೆಟ್ಟಿತು, ಆದರೆ ಅವು ಗಟ್ಟಿ ಮಕ್ಕಳು, ಬೇಗ ಎದ್ದವು. ನನ್ನದು ಸಂಜೆಯೊಳಗೆ ಒಗೆದು ಹಿಂಡಿದ ಬಟ್ಟೆಯಂತಾಯಿತು. ದವಾಖಾನೆಯಲ್ಲಿ ಸಲಾಯಿನ್ ಹಚ್ಚಿ ಡಾಕ್ಟರು ಕೇಳಿದರು, ಏನು ತಿಂದಿದ್ದಳೆಂದು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಹೇಳಿದರು: “ಬಾಜೂಮನಿ ಚಾಂದಬಿ ಮಾಡಿದ ಬರ್ಫ ತಿಂದಾಳ್ರಿ.” ನಾನು ತೆರೆದ ಬಾಯನ್ನು ಮುಚ್ಚಿಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಆ ಬರೆ ಎಳೆಯುವಾಗ ಎತ್ತು ಸುಮ್ಮನೆ ನಿಂತು ನೋಡಿತು.

ನೀವು ಖಾನಾಪುರದಿಂದ ಬಂದವರು ಮನೆಗೂ ಹೋಗದೆ, ಕೈಚೀಲದ ಸಮೇತ ದವಾಖಾನೆಗೆ ಓಡಿ ಬಂದಿರಿ. ಅತ್ತೆ ಬಾಗಿಲಲ್ಲೇ ತಡೆದರು. “ನಿಮ್ಮ ಕೈಯಾಗಿನದು ತಿಂದದ್ದು ಸಾಕ್ರಿ. ಇನ್ನ ಕೂಸಿನ ತಂಟೇಕ ಬರಬ್ಯಾಡ್ರಿ.” ನೀವು ಅವರ ಹೆಗಲ ಮೇಲಿಂದ ನನ್ನನ್ನು ನೋಡಿದಿರಿ.

“ನಾ ನೀರ ಕಾಸಿದ್ನಲ್ಲ ಕಸ್ತೂರಿ… ಕಾಸಿದ್ನೋ ಇಲ್ಲೋ? ಗಾಡಿ ಗಡಿಬಿಡಿಯೊಳಗ ನಾ ಏನರ…”

ನಾನು ಸಲಾಯಿನ್ ಬಾಟಲಿಯ ಕಡೆ ನೋಡಿದೆ. ಹನಿ ಬೀಳುವುದನ್ನು ಎಣಿಸುತ್ತಿರುವವಳಂತೆ ನಟಿಸಿದೆ. ಹೇಳಿದ್ದರೆ ಏನಾಗುತ್ತಿತ್ತು? ಅತ್ತೆ ನಾಲ್ಕು ದಿನ ಬೈಯುತ್ತಿದ್ದರು, ನಾದಿನಿ ಊರ ತುಂಬ ಆಡಿಕೊಳ್ಳುತ್ತಿದ್ದಳು. ಅಷ್ಟೇ. ಆ ನಾಲ್ಕು ದಿನದ ಬೈಗುಳ ತಪ್ಪಿಸಿಕೊಳ್ಳಲು ನಿಮ್ಮನ್ನು ಮುಂದೆ ನೂಕಿದೆ.

ಮುಂದಿನ ಬೇಸಿಗೆಯಲ್ಲಿ ಸುಮಾ ನಿಮ್ಮ ಕಟ್ಟೆಯ ಮೇಲೆ ಕುಳಿತು, “ಖಾಲಾ, ಹಣ್ಣಿನ ಬರ್ಫ ಯಾವಾಗ ಮಾಡತೀರಿ?” ಎಂದು ಕೇಳಿದಳು. ನೀವು ಅವಳ ತಲೆ ಸವರಿ, “ಗಡಿಗಿ ಒಡೀತವ್ವಾ,” ಅಂದಿರಿ. ಗಡಿಗೆ ನಿಮ್ಮ ಹಿತ್ತಲಲ್ಲೇ ಬೋರಲಾಗಿ ಬಿದ್ದಿತ್ತು. ನಾನು ಗೋಡೆಯ ಈಚೆಯಿಂದ ನೋಡಿದೆ. ನೀವು ನನ್ನೊಡನೆ ಮಾತು ಬಿಡಲಿಲ್ಲ. ನೇರಳೆ ಬಂದರೆ ತೊಳೆದು ಬುಟ್ಟಿಯಲ್ಲಿ ಕಳಿಸುತ್ತಿದ್ದಿರಿ, “ಚೊಲೋತ್ನಾಗಿ ಇನ್ನೊಮ್ಮಿ ತೊಳಕೋರಿ” ಎಂದು ಹೇಳಿ ಕಳಿಸುತ್ತಿದ್ದಿರಿ. ಜಗಳವಾಡಿದ್ದರೆ ಚೆನ್ನಾಗಿತ್ತು. ನೀವು ಬೈದಿದ್ದರೆ ನಾನೂ ಒಂದು ಮಾತು ಎದುರಾಡಿ, ಆ ಜಗಳದಲ್ಲಾದರೂ ಸತ್ಯ ಹೊರಗೆ ಬೀಳುತ್ತಿತ್ತೋ ಏನೋ.

ಸದಾಶಿವನಗರದ ಮನೆಗೆ ಫ್ರಿಜ್ ಬಂದ ದಿನ ನಾನು ಮೊದಲು ಮಾಡಿದ್ದು ನಿಮ್ಮ ನೇರಳೆಯನ್ನೇ. ಸ್ಟೀಲ್ ಲೋಟಕ್ಕೆ ರಸ ಹೊಯ್ದು ಮೇಲಿನ ಖಾನೆಯಲ್ಲಿಟ್ಟೆ. ಉಪ್ಪು ಬೇಡ, ಗೋಣಿ ಬೇಡ, ಅಡ್ಡೆಯ ಗಡ್ಡೆ ಬೇಡ. ಬೆಳಿಗ್ಗೆಗೆ ಗಟ್ಟಿಯಾಗಿತ್ತು. ತಿನ್ನಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಅತ್ತೆಯೂ ಹೋಗಿದ್ದರು. ಇನ್ನು ಯಾರ ಹೆದರಿಕೆ? ಹೇಳಿಬಿಡುತ್ತೇನೆಂದು ಒಂದು ದಿನ ಖಾನಾಪುರದ ಗಾಡಿ ಹತ್ತಿದೆ. ನಡುದಾರಿಯ ದೇಸೂರಿನಲ್ಲಿ ಗಾಡಿ ನಿಂತಿತು. ಇಷ್ಟು ವರ್ಷದ ಮೇಲೆ ಹೇಳಿ ಮುದುಕಿಯ ಮನಸ್ಸು ಯಾಕೆ ನೋಯಿಸಬೇಕು, ಅವರು ಎಂದೋ ಮರೆತಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಇಳಿದುಬಿಟ್ಟೆ. ಬೇವಿನ ಗಿಡದ ಕೆಳಗೆ ಕುಳಿತು ತಿರುಗಿ ಹೋಗುವ ಗಾಡಿಗಾಗಿ ಕಾದೆ. ಮನೆಯವರಿಗೆ ನೀವು ಊರಲ್ಲಿರಲಿಲ್ಲ ಎಂದು ಸುಳ್ಳು ಹೇಳಿದೆ. ಎರಡು ತಿಂಗಳಿಗೆ ನೀವು ನಿಜವಾಗಿಯೂ…

ಮೊನ್ನೆ ಸುಮಾಳನ್ನು ಕರೆದುಕೊಂಡು ಖಾನಾಪುರಕ್ಕೆ ಹೋಗಿದ್ದೆ. ದೇಸೂರು ಬಂದಾಗ ಸೀಟಿನ ಹಲಗೆ ಗಟ್ಟಿಯಾಗಿ ಹಿಡಿದು ಕುಳಿತೆ. ನಿಮ್ಮ ಮಗಳು ಶಹನಾಜ ಚಹಾ ಕೊಟ್ಟಳು. ಅವಳ ಎಂಟು ವರ್ಷದ ಮಗಳು ಸುಮಾಳಿಗೆ ಅಂಟಿಕೊಂಡು ಕುಳಿತಳು. ಅಂಗಳದ ಬುಟ್ಟಿಯಲ್ಲಿ ನೇರಳೆ ಇತ್ತು. “ಹಣ್ಣಿನ ಬರ್ಫ ಮಾಡೂಣನ?” ಎಂದು ಕೇಳಿದೆ. ಶಹನಾಜಳ ಮುಖ ಸಣ್ಣಗಾಯಿತು.

“ಬ್ಯಾಡ್ರಿ ಮೌಶಿ. ಅಮ್ಮೀ ಈ ಮನ್ಯಾಗ ಅದನ್ನ ಮಾಡಾಕ ಬಿಟ್ಟಿಲ್ಲ. ‘ನನ್ನ ಕೈ ಚೊಲೋ ಅಲ್ಲ, ಒಂದ ಕೂಸ ಸಾಯಾಕ ಬಿದ್ದಿತ್ತ’ ಅಂತಿದ್ಲು. ಕುಡ್ಯಾ ನೀರ ಎರಡೆರಡ ಸಲ ಕಾಸಾಕಿ. ಕಡೀಕ ಹಾಸಿಗಿ ಹಿಡದಾಗೂ ಅದ ಕೇಳತಿದ್ಲು, ನೀರ ಕಾಸಿದ್ನೋ ಇಲ್ಲೋ ಅಂತ.”

ಮರೆತಿರುತ್ತೀರಿ ಅಂದುಕೊಂಡಿದ್ದೆನಲ್ಲ ನಾನು! ಹೇಳಿದೆ ಆಪಾ. ಉಪ್ಪು, ಗೋಣಿ, ಗುಂಡುಕಲ್ಲು, ಬಾಟಲಿಯ ಕಡೆ ನೋಡಿದ್ದು, ದೇಸೂರಿನಲ್ಲಿ ಇಳಿದದ್ದು, ಎಲ್ಲ. ಸುಮಾ ನನ್ನ ಪಕ್ಕದಿಂದ ಎದ್ದು ಹೋಗಿ ಹೊಸ್ತಿಲ ಮೇಲೆ ಕುಳಿತಳು. ಶಹನಾಜ ಚಹಾದ ಕಪ್ಪು ಎತ್ತಿಟ್ಟು, “ಇದನ್ನ ಅಮ್ಮೀ ಮುಂದ ಹೇಳಬೇಕಿತ್ರಿ ಮೌಶಿ,” ಅಂದಳು. ಒಳಗೆ ಹೋದಳು. ಇನ್ನು ಹೊರಗೆ ಬರುವುದಿಲ್ಲವೆಂದು ನಾನು ಚಪ್ಪಲಿ ಹುಡುಕುತ್ತಿದ್ದೆ. ಹಳೆಯ ಓಢಣಿಯಲ್ಲಿ ಸುತ್ತಿದ ಗಂಟೊಂದನ್ನು ತಂದು ನನ್ನ ಮುಂದೆ ಇಟ್ಟಳು. ನಿಮ್ಮ ಆರು ಕೊಳವೆಗಳು. ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ.

ಮಾಡಿದೆವು. ಸುಮಾ ನನ್ನ ಮುಖ ನೋಡದೆಯೇ ನೀರು ಕಾಸಿದಳು. ನಾನು ಕಣಕ ಮೆತ್ತಿದೆ. ಬರ್ಫ ಹೊರಗೆ, ಹಣ್ಣು ಒಳಗೆ. ಉಪ್ಪನ್ನು ಶಹನಾಜಳೇ ಹಾಕಿದಳು, ನನ್ನ ಕೈಗೆ ಕೊಡಲಿಲ್ಲ. ನಿಮ್ಮ ಮೊಮ್ಮಗಳು ಮೊದಲ ಕೋಲು ತಿಂದು, ನೇರಳೆ ನಾಲಿಗೆ ಚಾಚಿ ತೋರಿಸಿ, “ಇದನ್ನ ಯಾರ ಕಲಿಸ್ಯಾರ?” ಎಂದು ಕೇಳಿದಳು. “ನಿಮ್ಮ ನಾನಿ,” ಅಂದೆ. ಇನ್ನು ಪ್ರತಿ ವರ್ಷ ನೇರಳೆಯ ಕಾಲಕ್ಕೆ ಹೋಗುತ್ತೇನೆ. ಶಹನಾಜ ಬಾ ಅಂದಿಲ್ಲ, ಆದರೆ ಕೊಳವೆಗಳನ್ನು ಮತ್ತೆ ಗಂಟು ಕಟ್ಟದೆ ಅಡುಗೆಮನೆಯ ಹಲಗೆಯ ಮೇಲೆ ಬೋರಲು ಹಾಕಿದ್ದನ್ನು ನೋಡಿ ಬಂದಿದ್ದೇನೆ.

ದವಾಖಾನೆಯ ಬಾಗಿಲಲ್ಲಿ ನಿಂತು ನೀವು ನನ್ನನ್ನು ಒಂದು ಮಾತು ಕೇಳಿದ್ದಿರಿ. ಹನ್ನೊಂದು ವರ್ಷ ತಡವಾಯಿತು.

ಕಾಸಿದ್ದಿರಿ, ಆಪಾ. ಮುಚ್ಚಳ ಕುಣಿಯುವಷ್ಟು ಕಾಸಿದ್ದಿರಿ. ನಾನು ಬಾಗಿಲಲ್ಲೇ ನಿಂತು ನೋಡಿದ್ದೆ.

ನಿಮ್ಮ
ಕಸ್ತೂರಿ