ಬ್ರೇಕಿನ ಮೇಲಿನ ಉಪ್ಪು ಕಾಗದ

ಬಸ್ಸಿನಲ್ಲಿ ಕೂತವರೇ, ನಿಂತವರೇ, ಬಾಗಿಲಲ್ಲಿ ನೇತಾಡುತ್ತ ಬಂದವರೇ, ಕಿಟಕಿ ಸೀಟಿಗಾಗಿ ಮಾತು ಬಿಟ್ಟವರೇ, ಸ್ವಲ್ಪ ಸದ್ದು ನಿಲ್ಲಿಸಿ. ನಿಮ್ಮೆಲ್ಲರ ಸಾಕ್ಷಿಯಾಗಿ ಸಾರಿಗೆ ನೌಕರರ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳಿಗೆ ಈ ಬಹಿರಂಗ ಪತ್ರದಲ್ಲಿ ನಾನೊಂದು ಮಾತು ಹೇಳುವುದಿದೆ. ಕೊನೆಗೆ ಪೆಟ್ಟು ಬೀಳುವುದು ನಿಮಗೇ ಆದ್ದರಿಂದ ನೀವೂ ಕೇಳಿಸಿಕೊಳ್ಳಿ.

ಮಾನ್ಯರೇ, ತಾವು ಕೊಡುವ ಮಾತ್ರೆ ಚಾಲಕರ ಸಕ್ಕರೆಯನ್ನು ಇಳಿಸುತ್ತಿದೆ. ಕೆಲವರಲ್ಲಿ ಅದು ಪಾದದ ಅರಿವನ್ನೂ ಇಳಿಸುತ್ತಿದೆ. ಮೊದಲನೆಯದನ್ನು ತಾವು ಅಳೆಯುತ್ತೀರಿ, ಎರಡನೆಯದನ್ನು ಕೇಳುವುದೂ ಇಲ್ಲ. ಸಕ್ಕರೆಯ ಮೇಲೆ ತಮಗೆ ಅದೆಷ್ಟು ಅಕ್ಕರೆ!

ಮೆಟ್‌ಫಾರ್ಮಿನ್ ಎಂಬ ಆ ಮಾತ್ರೆಯ ಮೇಲೆ ನನಗೆ ಹಗೆಯಿಲ್ಲ. ಎಷ್ಟೋ ಜನರ ಕಣ್ಣು, ಮೂತ್ರಪಿಂಡ ಉಳಿಸಿದ ಪುಣ್ಯಾತ್ಮ ಅದು. ಯಾರೂ ಇದನ್ನು ಓದಿ ಮಾತ್ರೆ ಬಿಟ್ಟು ಕೂರಬೇಡಿ. ಆದರೆ ವರ್ಷಗಟ್ಟಲೆ ನುಂಗಿದರೆ ಕೆಲವರ ದೇಹ ಊಟದೊಳಗಿನ ಬಿ-ಹನ್ನೆರಡು ಎಂಬ ಜೀವಸತ್ವವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ ಎಂಬುದು ಗುಟ್ಟೇನಲ್ಲ. ವೈದ್ಯರ ಪಠ್ಯದಲ್ಲೇ ಇದೆ. ಆ ಸತ್ವ ತೀರಿದರೆ ನರ ಸೊರಗುತ್ತದೆ, ಪಾದ ಮರಗಟ್ಟುತ್ತದೆ. ಸಕ್ಕರೆ ಕಾಯಿಲೆಯಿಂದಲೂ ಪಾದ ಮರಗಟ್ಟುತ್ತದೆ. ಕಳ್ಳರು ಇಬ್ಬರು, ಮುಖ ಒಂದೇ. ತಾವು ಪ್ರತಿಸಲವೂ ಹಿಡಿಯುವುದು ಒಬ್ಬನನ್ನೇ, ಏಕೆಂದರೆ ಇನ್ನೊಬ್ಬನನ್ನು ಹುಡುಕುವ ಪರೀಕ್ಷೆ ತಮ್ಮ ಆಸ್ಪತ್ರೆಯ ಪಟ್ಟಿಯಲ್ಲೇ ಇಲ್ಲ.

ನನ್ನ ಭಾವ ಬಸ್ಸು ಓಡಿಸುತ್ತಾನೆ. ಸಕ್ಕರೆ ಗೆರೆ ದಾಟಿದರೆ ಸ್ಟಿಯರಿಂಗ್ ಕಿತ್ತುಕೊಳ್ಳುತ್ತೀರಲ್ಲ, ಆ ವಾರ್ಷಿಕ ತಪಾಸಣೆ ಹತ್ತಿರ ಬಂದಾಗ ಡಿಪೋದಲ್ಲಿ ಒಂದು ವಿದ್ಯೆ ಚಾಲ್ತಿಯಲ್ಲಿದೆ: ಒಂದು ನುಂಗುವವರು ಎರಡು ನುಂಗುತ್ತಾರೆ. ಭಾವನೂ ನುಂಗಿದ. ಪ್ರತಿ ವರ್ಷ ಪಾಸಾದ. ಎರಡು ವರ್ಷದ ಹಿಂದೆ ತಮ್ಮ ವೈದ್ಯರ ಮುಂದೆ ಕೂತು ಹೇಳಿದ:

“ಡಾಕ್ಟ್ರೇ, ಪಾದ ಜುಮ್ ಅನ್ನುತ್ತೆ. ಹತ್ತಿ ಮೇಲೆ ನಡೆದ ಹಾಗಿರುತ್ತೆ.”

“ಶುಗರ್ ಇದ್ರೆ ಹಾಗೇ ಕಣಪ್ಪ. ಮಾತ್ರೆ ಸ್ವಲ್ಪ ಜಾಸ್ತಿ ಮಾಡ್ತೀನಿ.”

ಸೋರುವ ತೊಟ್ಟಿಗೆ ಇನ್ನೊಂದು ತೂತು!

ಅಲ್ಲಿಂದ ಮುಂದೆ ನಡೆದದ್ದು ಮೊದಮೊದಲು ತಮಾಷೆಯಾಗಿಯೇ ಇತ್ತು. ಒಂದು ದಿನ ಕಂಡಕ್ಟರ್ ಕೂಗಿದ: “ಅಣ್ಣಾ, ನಿಮ್ಮ ಎಡಗಾಲಿನ ಚಪ್ಪಲಿ ಹಿಂದಿನ ಸ್ಟಾಪಲ್ಲೇ ಇಳ್ಕೊಂಡ್ಬಿಡ್ತು, ಟಿಕೆಟ್ಟೂ ತಗೊಳ್ಳಲಿಲ್ಲ!” ಚಪ್ಪಲಿ ಕಳಚಿದ್ದು ಭಾವನಿಗೆ ತಿಳಿದೇ ಇರಲಿಲ್ಲ. ಆಮೇಲೆ, ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಸಾಕು, ಮೈ ತೂರಾಡಿ ಗೋಡೆ ಹಿಡಿಯತೊಡಗಿದ. ಅಕ್ಕ ಈಗ ಬಚ್ಚಲಿನ ಚಿಲಕ ಹಾಕಲು ಬಿಡುವುದಿಲ್ಲ. “ಒಳಗೆ ಬಿದ್ರೆ ಬಾಗಿಲು ಒಡೆಯೋಕೆ ಯಾರು ಬರ್ತಾರೆ ರೀ, ನಿಮ್ಮ ಡಾಕ್ಟ್ರಾ?”

ಚಾಲಕನಿಗೆ ಬ್ರೇಕು ಕಣ್ಣಿಗೆ ಕಾಣುವ ವಸ್ತುವಲ್ಲ; ಕಾಲಿಗೆ ತಿಳಿಯುವ ವಸ್ತು. ಕಾಲಿಗೆ ತಿಳಿಯದಾದಾಗ ಭಾವ ಬ್ರೇಕ್ ಪೆಡಲಿಗೆ ಉಪ್ಪು ಕಾಗದ ಅಂಟಿಸಿದ, ಮರ ಉಜ್ಜುವ ಒರಟು ಕಾಗದ. ಬರಿಗಾಲಲ್ಲಿ ಓಡಿಸತೊಡಗಿದ. ಮೊದಮೊದಲು ಅದು ಕಚ್ಚುತ್ತಿತ್ತು. ಆಮೇಲೆ ಕೆರೆಯುತ್ತಿತ್ತು. ಈಗ ರೇಷ್ಮೆಯ ಹಾಗಿದೆಯಂತೆ. ಮಾನ್ಯರೇ, ಸವೆದದ್ದು ಕಾಗದವಲ್ಲ.

ಕಳೆದ ತಿಂಗಳು ಸಿಗ್ನಲ್ಲಿನಲ್ಲಿ ಬಸ್ಸು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಮುಂದೆ ಶಾಲೆಯ ವ್ಯಾನು. ಭಾವ ತಲೆ ಬಗ್ಗಿಸಿ ನೋಡಿದಾಗ ಪಾದ ಬ್ರೇಕಿನ ಪಕ್ಕದಲ್ಲಿ, ಬರೀ ನೆಲವನ್ನು ಶಕ್ತಿಯೆಲ್ಲ ಹಾಕಿ ಒತ್ತುತ್ತಿತ್ತು. ಕಣ್ಣಲ್ಲೇ ನೋಡಿಕೊಂಡು ಕಾಲನ್ನು ಬ್ರೇಕಿನ ಮೇಲೆ ಎತ್ತಿಟ್ಟು ಒತ್ತಿದ. ಬಸ್ಸು ನಿಂತಾಗ ನಡುವೆ ಒಂದು ಗೇಣು ಜಾಗವಿತ್ತು. ವ್ಯಾನಿನ ಹಿಂದಿನ ಗಾಜಿನಿಂದ ಮಕ್ಕಳು ಕೈ ಬೀಸುತ್ತಿದ್ದವು.

“ಏನಣ್ಣಾ, ನಿದ್ದೆನಾ?” ಎಂದ ಕಂಡಕ್ಟರ್.

“ಇಲ್ಲ ಕಣೋ. ನಾನು ಎಚ್ಚರವಾಗೇ ಇದ್ದೀನಿ. ನಿದ್ದೆ ಹೋಗಿರೋದು ಕಾಲು.”

ಆ ವಾರ ತಮ್ಮಲ್ಲಿ ರಜೆ ಹಾಕಿದವರ ಬದಲಿಗೆ ಒಬ್ಬ ವೈದ್ಯೆ ಬಂದಿದ್ದರು. ಕಬ್ಬಿಣದ ಶ್ರುತಿಕವೆಯೊಂದನ್ನು ಬಡಿದು, ಅದರ ಬುಡವನ್ನು ಭಾವನ ಹೆಬ್ಬೆರಳಿನ ಮೇಲೆ ಇಟ್ಟರು. ಭಾವ ಕಾದ, ಕಾದ.

“ಯಾವಾಗ ಶುರು ಮಾಡ್ತೀರಿ ಮೇಡಂ?”

“ಶುರು ಮಾಡಿ ಆಯ್ತು. ನಡುಗ್ತಾ ಇದೆ. ನಿಮಗೆ ಗೊತ್ತಾಗ್ತಾ ಇಲ್ಲ.”

ಬಿ-ಹನ್ನೆರಡರ ರಕ್ತಪರೀಕ್ಷೆ ಬರೆದುಕೊಟ್ಟರು. ತಡವಾದಷ್ಟೂ ನರ ತಿರುಗಿ ಬರುವುದು ಕಷ್ಟ, ಬೇಗ ಮಾಡಿಸಿ ಎಂದರು. ತಮ್ಮ ಕೌಂಟರಿನಲ್ಲಿ ಏನೆಂದರು ಗೊತ್ತೇ? ಪಟ್ಟಿಯಲ್ಲಿಲ್ಲದ ಪರೀಕ್ಷೆಗೆ ಡಿಪೋ ಮುಖ್ಯಸ್ಥರ ಪತ್ರ ಬೇಕು, ಕಾರಣ ಸಹಿತ. ಕಾರಣ ಏನೆಂದು ಬರೆಸಲಿ? ‘ಈ ಚಾಲಕನಿಗೆ ಬ್ರೇಕು ತಿಳಿಯುವುದಿಲ್ಲ’ ಎಂದೇ? ಪರೀಕ್ಷೆಗೆ ಮುಂಚೆ ಕೆಲಸ ಹೋಗುತ್ತದೆ. ಹೊರಗೆ ಮಾಡಿಸಬಹುದಿತ್ತಲ್ಲ ಎನ್ನುವಿರಿ. ಹೊರಗೆ ಮಾಡಿಸಿದರೂ ಗುಣವಾಗುವ ತನಕ ರಜೆ ಬೇಕು, ರಜೆಗೆ ವರದಿ ಕೊಡಬೇಕು, ಅದು ಸೇರುವುದು ಅದೇ ಡಿಪೋದ ಕಡತಕ್ಕೆ. ಬಾಯಿ ಬಿಟ್ಟರೆ ಬದುಕು ಹೋಯಿತು, ಬಾಯಿ ಮುಚ್ಚಿದರೆ ಬಸ್ಸು ಹೋಯಿತು. ಪ್ರಾಸ ಚೆನ್ನಾಗಿದೆ, ಅಲ್ಲವೇ?

ಕೇಳುವುದು ಇಷ್ಟು. ಈ ಮಾತ್ರೆಯನ್ನು ವರ್ಷಗಳಿಂದ ನುಂಗುತ್ತಿರುವ ಪ್ರತಿ ನೌಕರನಿಗೂ, ಯಾರ ಪತ್ರವೂ ಇಲ್ಲದೆ, ಆ ಪರೀಕ್ಷೆ ಮಾಡಿಸಿ. ತಪಾಸಣೆಯಲ್ಲಿ ಕಣ್ಣಿನ ಜೊತೆ ಕಾಲನ್ನೂ ನೋಡಿ. ‘ನನಗೆ ಪಾದ ತಿಳಿಯುತ್ತಿಲ್ಲ’ ಎಂದು ತಾನಾಗಿ ಬಂದು ಹೇಳಿದವನಿಗೆ ಆ ಸತ್ವದ ಚುಚ್ಚುಮದ್ದು ಕೊಡಿಸಿ, ಗುಣವಾಗುವ ತನಕ ಡಿಪೋದೊಳಗೇ ಬೇರೆ ಕೆಲಸ ಕೊಡಿಸಿ. ಹೇಳಿದವನನ್ನು ಮನೆಗೆ ಕಳಿಸುವುದು ನಿಲ್ಲುವ ತನಕ ಯಾರೂ ಹೇಳುವುದಿಲ್ಲ. ಎಲ್ಲರೂ ಓಡಿಸುತ್ತಲೇ ಇರುತ್ತಾರೆ.

ಇಲ್ಲಿಗೆ ‘ನೊಂದ ನಾಗರಿಕ’ ಎಂದು ಸಹಿ ಹಾಕಿ ಮುಗಿಸುವವನಿದ್ದೆ. ಆಗುತ್ತಿಲ್ಲ. ಮಾನ್ಯರೇ, ನನಗೆ ಭಾವನೇ ಇಲ್ಲ. ಅಕ್ಕ ಎಂದು ಬರೆದದ್ದು ನನ್ನ ಹೆಂಡತಿಯನ್ನು. ಆ ಕಾಲು ನನ್ನದು. ನಾಳೆ ಬೆಳಗಿನ ಪಾಳಿಯೂ ನನ್ನದೇ. ಯಾವ ಮಾರ್ಗ ಎಂದು ಮಾತ್ರ ಹೇಳಲಾರೆ.

ಇಂತಿ,
ತಮ್ಮದೇ ಪ್ರಮಾಣಪತ್ರದ ಪ್ರಕಾರ ಚಾಲನೆಗೆ ಯೋಗ್ಯನಾದ
ಒಬ್ಬ ಚಾಲಕ